ಹೊರಚಾಚಿದ ಗಾಲಿ

"ಗುರುಗಳೇ, ಮೊದಲು ಯಾರು ಏನೆಂದರೂ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಈಗ ಸಣ್ಣ ಮಾತೊಂದು ಬಿದ್ದರೂ ಮನಸ್ಸು ಅತ್ತ ಜಗ್ಗಿಬಿಡುತ್ತದೆ. ಜನ ಇಷ್ಟು ಒರಟಾದದ್ದು ಯಾವಾಗ?"

ಕೇಳಿದವನು ಮಡಿವಾಳಯ್ಯ. ಕೆಲವು ವರ್ಷಗಳಿಂದ ಅವನು ಮಠದ ಪರವಾಗಿ ಊರೂರಿಗೆ ಹೋಗಿ ಪ್ರವಚನ ಹೇಳುತ್ತಿದ್ದ. ಮಾತು ಚೆನ್ನಾಗಿತ್ತು. ಜನ ಸೇರುತ್ತಿದ್ದರು. ಈಚೆಗೆ ಅವನಿಗೆ ಎತ್ತರದ ಪೀಠ, ಜರಿಯ ಶಾಲು, ವೇದಿಕೆ ಏರುವಾಗ ಜಯಕಾರ, ಎಲ್ಲ ಬಂದಿದ್ದವು. ಹಿಂದಿನ ದಿನ ಒಂದು ಊರಿನಲ್ಲಿ ಮುದುಕನೊಬ್ಬ ನಡುವೆ ಎದ್ದು, "ಸ್ವಲ್ಪ ಗಟ್ಟಿಯಾಗಿ ಹೇಳಪ್ಪ, ಕೇಳಿಸುತ್ತಿಲ್ಲ" ಎಂದಿದ್ದ. ಅಷ್ಟಕ್ಕೇ ಮಡಿವಾಳಯ್ಯ ಪ್ರವಚನವನ್ನು ಅರ್ಧಕ್ಕೆ ನಿಲ್ಲಿಸಿ ಎದ್ದು ಬಂದಿದ್ದ.

ಗುರುಗಳ ಕಿವಿಗೂ ಅದು ಬಿದ್ದಿತ್ತು. ಅವರು ಅದರ ಮಾತೆತ್ತಲಿಲ್ಲ. ಕುಳಿತುಕೊ ಎಂದು ಕೈ ತೋರಿಸಿ ಒಂದು ಕತೆ ಹೇಳಿದರು.

ಒಬ್ಬ ಬಾಡಿಗೆ ಕಾರಿನವನಿದ್ದ. ಕಾಲುವೆ ದಂಡೆಯ ಊರುಗಳಲ್ಲಿ ಬಸುರಿಯನ್ನು ತವರಿಗೆ ಕರೆತರಬೇಕೆಂದರೆ ಜನ ಅವನನ್ನೇ ಕರೆಯುತ್ತಿದ್ದರು. ಬಾಣಂತಿಯನ್ನು ಗಂಡನ ಮನೆಗೆ ಕಳಿಸುವಾಗಲೂ ಅವನೇ ಬೇಕು. ಅವನ ಕಾರಿನಲ್ಲಿ ಕುಳಿತರೆ ಹೊಟ್ಟೆಯೊಳಗಿನ ನೀರೂ ಅಲುಗುವುದಿಲ್ಲ ಎಂಬ ಮಾತಿತ್ತು. ಕಾರು ಹಳೆಯದು. ಆದರೆ ಸ್ಟೀರಿಂಗಿನ ಮೇಲೆ ಎರಡು ಬೆರಳಿಟ್ಟರೆ ಸಾಕು, ಮನೆಗೆ ಮರಳುವ ಹಸುವಿನಂತೆ ನೆಟ್ಟಗೆ ನಡೆಯುತ್ತಿತ್ತು.

ಒಂದು ಮದುವೆಯಲ್ಲಿ ಅವನು ಇನ್ನೊಂದು ಕಾರು ನೋಡಿದ. ಅವನದೇ ಮಾದರಿ. ಗಾಲಿಗಳು ಮಾತ್ರ ಅಗಲವಾಗಿದ್ದು ಮಡ್‌ಗಾರ್ಡಿನಿಂದ ಹೊರಕ್ಕೆ ಚಾಚಿದ್ದವು. ಎದೆಯುಬ್ಬಿಸಿ ನಿಂತ ಪೈಲ್ವಾನನಂತೆ ಕಂಡಿತು ಅದು. ಅದರ ಪಕ್ಕದಲ್ಲಿ ತನ್ನ ಕಾರು ಕೈಕಟ್ಟಿ ನಿಂತ ಆಳಿನಂತೆ ಕಂಡಿತು. ಮದುವೆಯೂಟ ಅವನಿಗೆ ರುಚಿಸಲಿಲ್ಲ.

ತಿಂಗಳೊಳಗೆ ಅಂಥವೇ ಗಾಲಿ ಹಾಕಿಸಿದ. ಟೈರುಗಳೂ ಮೊದಲಿಗಿಂತ ದೊಡ್ಡವು. ಇನ್ನು ಕಾರು ರಸ್ತೆಯನ್ನು ಕಚ್ಚಿ ಹಿಡಿಯುತ್ತದೆ ಎಂದ ಅಂಗಡಿಯವನು. ಅದು ಸುಳ್ಳಾಗಿರಲಿಲ್ಲ. ನುಣ್ಣನೆಯ ಹೆದ್ದಾರಿಯ ತಿರುವಿನಲ್ಲಿ ಕಾರು ವಾಲದೆ ಸಾಗುತ್ತಿತ್ತು. ಚಹಾದಂಗಡಿಯ ಮುಂದೆ ನಿಲ್ಲಿಸಿದರೆ ನಾಲ್ಕು ಜನ ಸುತ್ತು ಹಾಕಿ ನೋಡುತ್ತಿದ್ದರು. ಅವನಿಗೂ ಹಿತವೆನಿಸುತ್ತಿತ್ತು.

ಹೆದ್ದಾರಿ ಬಿಟ್ಟು ಇಳಿದರೆ ಮಾತೇ ಬೇರೆ. ಸ್ಟೀರಿಂಗು ಭಾರವಾಗಿತ್ತು. ಒಂದು ಗಾಲಿ ಗುಂಡಿಗೆ ಬಿದ್ದರೆ ಸ್ಟೀರಿಂಗು ಕೈಯಿಂದ ಕಿತ್ತುಕೊಂಡು ಅತ್ತ ತಿರುಗುತ್ತಿತ್ತು. ಟ್ರ್ಯಾಕ್ಟರಿನ ಜಾಡು ಸಿಕ್ಕರೆ ಕಾರು ತನ್ನ ದಾರಿ ಬಿಟ್ಟು ಆ ಜಾಡು ಹಿಡಿಯುತ್ತಿತ್ತು. ಹಿಂದೆ ಮೂವರು ಕುಳಿತರೆ ಟೈರು ಮಡ್‌ಗಾರ್ಡಿಗೆ ಉಜ್ಜುತ್ತಿತ್ತು. ವೇಗ ತೋರಿಸುವ ಮುಳ್ಳನ್ನೂ ನಂಬುವಂತಿರಲಿಲ್ಲ; ಟೈರು ದೊಡ್ಡದಾದ್ದರಿಂದ ಮುಳ್ಳು ಹೇಳುವುದಕ್ಕಿಂತ ಕಾರು ಜೋರಾಗಿ ಓಡುತ್ತಿತ್ತು. ಅವನು ಮಡ್‌ಗಾರ್ಡಿನ ಅಂಚನ್ನು ಬಡಿದು ಮಡಿಸಿದ. ಬಿಗಿಯಾದ ಸ್ಪ್ರಿಂಗು ಹಾಕಿಸಿದ. ಎರಡೂ ಕೈಯಿಂದ ಒತ್ತಿ ಹಿಡಿದು ಓಡಿಸುವುದನ್ನು ರೂಢಿ ಮಾಡಿಕೊಂಡ. ಸಂಜೆ ಮನೆಗೆ ಬಂದರೆ ಭುಜ ಸೆಳೆಯುತ್ತಿತ್ತು. ಹೆಂಡತಿ ಎಣ್ಣೆ ತಿಕ್ಕುತ್ತ ಕೇಳಿದರೆ, ಈ ವರ್ಷ ರಸ್ತೆಗಳು ಕೆಟ್ಟುಹೋಗಿವೆ ಎನ್ನುತ್ತಿದ್ದ. ಹಾಗೆಂದೇ ಅವನು ನಂಬಿದ್ದ.

ಹಾಗಿರುವಾಗ ತುಂಬು ಬಸುರಿಯೊಬ್ಬಳನ್ನು ತವರಿಗೆ ಬಿಡುವ ಕರೆ ಬಂತು. ಅವಳ ಚೊಚ್ಚಲ ಹೆರಿಗೆಗೂ ಅವನೇ ಕರೆದೊಯ್ದಿದ್ದ. ಜೊತೆಗೆ ಅವಳ ತಾಯಿಯಿದ್ದಳು. ಕಾಲುವೆ ಪಕ್ಕದ ದಾರಿಯಲ್ಲಿ ಎದುರಿಗೆ ಕಬ್ಬು ಹೇರಿದ ಲಾರಿ ಬಂತು. ದಾರಿ ಕೊಡಲು ಅವನು ಎಡಕ್ಕೆ ಸರಿದ. ಎಡಗಾಲಿ ಸಡಿಲ ಮಣ್ಣಿಗೆ ಇಳಿಯಿತು. ಇಳಿದದ್ದೇ ತಡ, ಮಣ್ಣು ಗಾಲಿಯನ್ನು ಹಿಡಿದೆಳೆಯಿತು. ಸ್ಟೀರಿಂಗು ಗಿರಕ್ಕನೆ ತಿರುಗಿತು. ಕಾರಿನ ಮೂತಿ ಕಾಲುವೆಯ ಕಡೆಗಾಯಿತು. ಅವನು ಬ್ರೇಕು ತುಳಿದು, ಮೈಭಾರವೆಲ್ಲ ಹಾಕಿ ಹಿಡಿದ. ಕಾರು ನಿಂತಾಗ ಒಂದು ಮಾರು ಮುಂದೆ ನೀರು ಹರಿಯುತ್ತಿತ್ತು.

ಯಾರಿಗೂ ಏನೂ ಆಗಲಿಲ್ಲ. ತಾಯಿ ದೇವರ ಹೆಸರು ಹೇಳುತ್ತ ಅಳತೊಡಗಿದಳು. ಮಗಳು ಅಳಲಿಲ್ಲ. ನಿಧಾನವಾಗಿ ಬಾಗಿಲು ತೆರೆದು ಇಳಿದಳು. ಹೊಟ್ಟೆಯ ಮೇಲೆ ಕೈಯಿಟ್ಟು, ಒಳಗೆ ಮಗು ಮಿಸುಕುವವರೆಗೆ ಹಾಗೆಯೇ ನಿಂತಳು. ಆಮೇಲೆ ಹೇಳಿದಳು:

"ಅಣ್ಣಾ, ತಪ್ಪು ತಿಳಿಯಬೇಡ. ಇಲ್ಲಿಂದ ನಾವು ಬಸ್ಸಿಗೆ ಹೋಗುತ್ತೇವೆ."

"ರಸ್ತೆ ಕೆಟ್ಟಿದೆ ತಂಗಿ. ಬಸ್ಸಿನಲ್ಲಿ ಇನ್ನೂ ಕುಲುಕುತ್ತದೆ."

"ಹೋದ ಸಲವೂ ಇದೇ ರಸ್ತೆಯಲ್ಲವೇ, ಅಣ್ಣಾ? ಆಗ ನಾನು ನಿದ್ದೆ ಹೋಗಿದ್ದೆ."

ಅವನು ಕಾರಿನಿಂದ ಅವರ ಗಂಟನ್ನು ಇಳಿಸಿಕೊಟ್ಟ.

ಬಸ್ಸು ಬಂತು. ಕಾಲಿಡಲು ಜಾಗವಿರಲಿಲ್ಲ. ಯಾರೋ ಎದ್ದು ಅವಳಿಗೆ ಸೀಟು ಬಿಟ್ಟರು. ಅವನು ಖಾಲಿ ಕಾರಿನಲ್ಲಿ ಬಸ್ಸಿನ ಹಿಂದೆಯೇ ಹೋದ. ಬಸ್ಸು ನಿಂತಲ್ಲೆಲ್ಲ ತಾನೂ ನಿಂತ. ಅದು ಎಬ್ಬಿಸಿದ ಧೂಳನ್ನೆಲ್ಲ ಕುಡಿದ. ತವರೂರಿನಲ್ಲಿ ಅವಳು ಇಳಿದು, ತಮ್ಮಂದಿರು ಕೈಹಿಡಿದು ಕರೆದೊಯ್ದ ಮೇಲೆಯೇ ಕಾರು ತಿರುಗಿಸಿದ.

ಮರುದಿನ ಬೆಳಿಗ್ಗೆ ಕೊಟ್ಟಿಗೆಯಲ್ಲಿ ಒರಗಿಸಿಟ್ಟಿದ್ದ ಹಳೆಯ ಗಾಲಿಗಳನ್ನು ಹೊರಗೆ ತಂದ. ಮುಂದಿನ ಒಂದು ಗಾಲಿಯನ್ನು ಬಿಚ್ಚಿ ಹಳೆಯದನ್ನು ತೊಡಿಸಿದ. ಎರಡು ಬದಿಯನ್ನೂ ಹೋಲಿಸಿ ನೋಡುತ್ತ ನೆಲದಲ್ಲೇ ಕುಳಿತ. ಸ್ಟೀರಿಂಗು ತಿರುಗಿಸಿದಾಗ ಗಾಲಿ ಒಳಗಿನ ಒಂದು ಕೀಲಿನ ಮೇಲೆ ಹೊರಳುತ್ತದೆ. ಹಳೆಯ ಗಾಲಿ ಆ ಕೀಲಿನ ಹತ್ತಿರವೇ ನೆಲ ಮುಟ್ಟುತ್ತಿತ್ತು. ಹೊಸದು ಎರಡು ಬೆರಳು ಆಚೆ ನಿಂತಿತ್ತು. ಸೊಂಟಕ್ಕೆ ಒತ್ತಿ ಹಿಡಿದ ಕೊಡ ಭಾರವೆನಿಸುವುದಿಲ್ಲ. ಕೈಚಾಚಿ ಹಿಡಿದರೆ ಅದೇ ಕೊಡ ಮೈಯನ್ನೇ ವಾಲಿಸುತ್ತದೆ. ಕಲ್ಲು, ಗುಂಡಿ, ಮಣ್ಣು ಎಲ್ಲ ಮೊದಲಿದ್ದಷ್ಟೇ ಇದ್ದವು. ಹಿಡಿದೆಳೆಯಲು ಅವುಗಳ ಕೈಗೆ ಉದ್ದನೆಯ ಹಿಡಿ ಕೊಟ್ಟವನು ತಾನೇ ಎಂದು ಅವನಿಗೆ ಹೊಳೆಯಿತು. ಉಳಿದ ಮೂರನ್ನೂ ಬಿಚ್ಚಿದ.

ಚಹಾದಂಗಡಿಯಲ್ಲಿ ಜನ ಕೇಳಿದರು. ಕೆಲವರು ನಕ್ಕರು. ಅವನೂ ಜೊತೆಗೆ ನಕ್ಕು ಚಹಾ ಕುಡಿದು ಬಂದ.

ಅವಳಿಗೆ ಹೆಣ್ಣು ಮಗುವಾಯಿತೆಂದು ಸುದ್ದಿ ಬಂತು. ಬಾಣಂತನ ಮುಗಿದು ಅವಳನ್ನು ಕಳಿಸುವ ಹೊತ್ತಿಗೆ ತನಗೆ ಕರೆ ಬರಲಾರದೆಂದು ಅವನಿಗೆ ಗೊತ್ತಿತ್ತು. ಕಳಿಸುವ ದಿನ ವಿಚಾರಿಸಿಕೊಂಡು, ಕರೆಯದಿದ್ದರೂ ಹೋದ. ಅಂಗಳದಲ್ಲಿ ಕಾರು ನಿಲ್ಲಿಸಿ ಪಕ್ಕಕ್ಕೆ ನಿಂತ. ಅವಳು ಹೊರಗೆ ಬಂದು ಗಾಲಿಗಳನ್ನು ನೋಡಿದಳು. ಮಗುವನ್ನು ಎತ್ತಿಕೊಂಡು ಬಂದು ಹಿಂದಿನ ಸೀಟಿನಲ್ಲಿ ಕುಳಿತಳು.

ಕಾಲುವೆಯ ದಾರಿಯಲ್ಲಿ ಮತ್ತೆ ಎದುರಿಗೊಂದು ಲಾರಿ ಬಂತು. ಅವನು ಎಡಕ್ಕೆ ಸರಿದ. ಗಾಲಿ ಮಣ್ಣಿಗೆ ಇಳಿಯಿತು. ಸ್ಟೀರಿಂಗು ಅಂಗೈಯಲ್ಲಿ ಒಮ್ಮೆ ಮಿಸುಕಿ ತಾನೇ ನೆಟ್ಟಗಾಯಿತು. ಅವನು ಕನ್ನಡಿಯಲ್ಲಿ ನೋಡಿದ. ಮಗುವಿನ ಕುಲಾವಿಯ ದಾರ ಕಟ್ಟುತ್ತಿದ್ದವಳು ತಲೆಯನ್ನೇ ಎತ್ತಿರಲಿಲ್ಲ. ಅಂದು ಅವನಿಗೆ ಆದಷ್ಟು ಸಂತೋಷ ಗಾಲಿ ಹಾಕಿಸಿದ ದಿನವೂ ಆಗಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮಡಿವಾಳಯ್ಯ ಹೆಗಲ ಮೇಲಿನ ಶಾಲನ್ನು ತೆಗೆದು ಮಡಿಚಿ ತೊಡೆಯ ಮೇಲಿಟ್ಟುಕೊಂಡ. ಆಮೇಲೆ ಕೇಳಿದ:

"ಹಾಗಾದರೆ ನಾನು ಪ್ರವಚನ ಬಿಟ್ಟುಬಿಡಲೇ, ಗುರುಗಳೇ?"

"ಅವನೇನು ಕಾರು ಮಾರಿದನೇ?" ಎಂದರು ಗುರುಗಳು.

ಮಡಿವಾಳಯ್ಯ ಶಾಲನ್ನು ಅಲ್ಲಿಯೇ ಇಟ್ಟು ಎದ್ದ; ಅರ್ಧಕ್ಕೆ ಬಿಟ್ಟ ಪ್ರವಚನ ಮುಗಿಸಲು ಆ ಮುದುಕನ ಊರಿಗೆ ಹೊರಟ.