ಹೂಂ ಅನ್ನೋ ಬೆರ್ಚಪ್ಪ

ಹೂಂ ಅನ್ನೋರಿದ್ರ ಕತಿ ಹೇಳ್ತೀನಿ, ಇಲ್ಲಂದ್ರ ಎಲಿ ಅಡಿಕಿ ಹಾಕ್ಕೊಂಡು ಸುಮ್ಕ ಕುಂದರ್ತೀನಿ. ಹೂಂ ಅನ್ನೋರಿಲ್ಲದ ಕತೀನ ಮತ್ಯಾರೋ ಬಂದು ಕುಂತು ಕೇಳ್ತಾರಂತ, ನಮ್ಮವ್ವ ಹೇಳ್ತಿದ್ಲು. ಹಾಂ, ಹಂಗ! ಇನ್ನೊಂಚೂರು ಜೋರಾಗಿ ಅನ್ರಿ.

ಕರೇಮಡು ಅಂತ ಒಂದೂರು. ಊರ ಮ್ಯಾಲ ಹೊಳಿಗೆ ಅಡ್ಡ ಕಟ್ಟಿದ ಬ್ಯಾರೇಜು, ಊರ ಕೆಳಗ ಹರದಾರಿ ಉದ್ದ ಉಸುಕು. ಬ್ಯಾರೇಜಿನ ಗೇಟು ಮುಚ್ಚಿದ್ರ ಉಸುಕಿನ್ಯಾಗ ಕಲ್ಲಂಗಡಿ, ಗೇಟು ಎತ್ತಿದ್ರ ಎರಡಾಳು ನೀರು. ಆ ಊರಾಗ ಫಕ್ಕೀರವ್ವ ಅಂತ ಒಬ್ಬ ಹೆಣ್ಮಗಳು, ಅಕಿಗೊಬ್ಬ ಮಗ ಕರಿಸಿದ್ದ. ಮೂವತ್ತು ವರ್ಷದ ಕ್ವಾಣ. ಹೇಳಿದ್ದಷ್ಟೂ ಮಾಡ್ತಿದ್ದ, ಹೇಳಿದ್ದಷ್ಟ ಮಾಡ್ತಿದ್ದ. "ಹಾಲು ಉಕ್ಕಿದ್ರ ಹೇಳಲೇ" ಅಂದ್ರ ಉಕ್ಕೂತನಕ ನೋಡಿ, ಉಕ್ಕಿ ಒಲಿ ಆರೂತನಕ ನೋಡಿ, ಆಮ್ಯಾಲ ಹೇಳ್ತಿದ್ದ: "ಅವ್ವಾ, ಉಕ್ಕಿತು."

"ನನ್ನ ಹೊಟ್ಟ್ಯಾಗ ಹುಟ್ಟಿ ಬುದ್ಧಿ ಎಲ್ಲೆ ಬಿಟ್ಟು ಬಂದ್ಯೋ!" ಅಂತ ಫಕ್ಕೀರವ್ವ ಹಣಿ ಹಣಿ ಬಡಕೋತಿದ್ಲು.

ಇಂಥಾವಗೂ ಒಂದು ನೌಕರಿ ಸಿಕ್ತು ನೋಡ್ರಿ! ಬ್ಯಾರೇಜಿನ ಗೇಟು ಎತ್ತೂ ಕೆಲಸ ಕಂಪ್ಯೂಟರಿಗೆ ಬಂದಿತ್ತು. ಅದರ ಪ್ರೋಗ್ರಾಮು ಬರಿಯಾಕ ನಸೀಮಾ ಮೇಡಂ ಬಂದಿದ್ರು. ಅವರಿಗೆ ಟೆಸ್ಟ್ ಮಾಡಾಕ ಒಬ್ಬ ಬೇಕಾಗಿದ್ದ. "ಹೇಳಿದ್ದಕ್ಕಿಂತ ಒಂದು ಹೆಚ್ಚು ಮಾಡಬಾರದು, ಒಂದು ಕಡಿಮಿ ಮಾಡಬಾರದು" ಅಂದ್ರು ಮೇಡಂ. ಊರಿಗೆ ಊರ ಕರಿಸಿದ್ದನ ಕಡೆ ಬಟ್ಟು ಮಾಡಿ ತೋರಿಸ್ತು.

ಕೆಲಸ ಏನು? ಗೇಟು ಎತ್ತೂಕಿಂತ ಮೊದಲ ಹೊಳಿದಂಡಿ ಸೈರನ್ನು ಕೂಗಬೇಕು. ಕೂಗು ಕೇಳಿ ಉಸುಕಿನ್ಯಾಗ ಇದ್ದ ಮಂದಿ ದಂಡಿ ಏರಬೇಕು. ಪ್ರೋಗ್ರಾಮು ಸೈರನ್ನಿಗೆ "ಕೂಗು" ಅಂತ ಹೇಳ್ತೈತೋ ಇಲ್ಲೋ, ಅದನ್ನ ನೋಡೋದು ಕರಿಸಿದ್ದನ ಕೆಲಸ.

ಮೇಡಂ ಅಂದ್ರು: "ಏಳು ಸಲ ಟೆಸ್ಟ್ ಮಾಡು."

ಮಾಡಿದ! ಖರೇ ಸೈರನ್ನ ಒತ್ತಿದ! ಮಟಮಟ ಮಧ್ಯಾಹ್ನ ಸೈರನ್ನು ಊಳಿಟ್ಟಿತು. ಫಕ್ಕೀರವ್ವ ಕಲ್ಲಂಗಡಿ ಬುಟ್ಟಿ ಚೆಲ್ಲಿ, ಸೀರಿ ಎತ್ತಿ ಕಟ್ಟಿ, ಎದ್ದು ಬಿದ್ದು ದಂಡಿ ಏರಿದ್ಲು. ನೀರು ಬರಲಿಲ್ಲ. ಇಳದ್ಲು. ಮತ್ತ ಊಳಿಟ್ಟಿತು. ಮತ್ತ ಏರಿದ್ಲು. ಏಳು ಸಲ ಊಳಿಟ್ಟಿತು. ಏಳನೇ ಸಲಕ್ಕ ಒಬ್ಬರೂ ಕುಂತಲ್ಲಿಂದ ಏಳಲಿಲ್ಲ.

"ಅಯ್ಯೋ ಪೆದ್ದ!" ಅಂದ್ರು ಮೇಡಂ. "ಖರೇ ಸೈರನ್ನಿನ ತಂಟೇಕ ಹೋಗಬ್ಯಾಡ! ಅದರ ಜಾಗಾದಾಗ ಒಂದು ಬೆರ್ಚಪ್ಪ ನಿಲ್ಲಿಸು!"

ಬೆರ್ಚಪ್ಪ ಅಂದ್ರ ಗೊತ್ತಲ್ಲ, ಹೊಲದಾಗ ಹಕ್ಕಿ ಬೆದರಸಾಕ ನಿಲ್ಲಸ್ತಾರಲ್ಲ, ಅದ. ಪ್ರೋಗ್ರಾಮಿನ ಒಳಗೂ ಅಂಥಾದ್ದೊಂದು ಇರತೈತಂತ. ಮಾಕ್ ಅಂತಾರಂತ ಅದಕ್ಕ. ಹೆಸರು ಸೈರನ್ನಿಂದ, ವೇಷ ಸೈರನ್ನಿಂದ, ಬಾಯಿ ಮಾತ್ರ ಇಲ್ಲ. ಏನ ಹೇಳಿದ್ರೂ ಹೂಂ ಅಂತೈತಿ. ತನ್ನನ್ನ ಯಾರು ಕರದ್ರು, ಎಷ್ಟ ಸಲ ಕರದ್ರು, ಏನಂತ ಕರದ್ರು, ಎಲ್ಲಾ ಒಂದು ವಹಿದಾಗ ಬರದಿಟ್ಟುಕೋತೈತಿ. ಅಷ್ಟ ಅದರ ಕೆಲಸ.

ಸಂಜಿಗೆ ಮನ್ಯಾಗ ಫಕ್ಕೀರವ್ವ ಬೇರೆ ಬೈದ್ಲು. "ಇನ್ನ ಆ ಸೈರನ್ನು ನಾ ನಂಬಂಗಿಲ್ಲ! ನೀ ಪರೀಕ್ಷಾ ಮಾಡಿ ಮುಗಿಸಿ, ನಿನ್ನ ಬಾಯಿಲೆ 'ಇಳಿಯವ್ವ' ಅನ್ನೂತನಕ ನಾ ಉಸುಕಿಗೆ ಕಾಲಿಡಂಗಿಲ್ಲ. ಕಾಯಿ ಕೊಳತ್ರ ಕೊಳೀಲಿ!"

ನೆನಪಿಟ್ಕೋರಿ ಇದನ್ನ. ಸೈರನ್ನಿನ ಮ್ಯಾಲ ಅಲ್ಲ, ಮಗನ ಮಾತಿನ ಮ್ಯಾಲ ಜೀವ ಇಟ್ಲು ಅಕಿ.

ಮರುದಿನ ಕರಿಸಿದ್ದ ಬೆರ್ಚಪ್ಪನ ನಿಲ್ಲಿಸಿದ. ಗೇಟಿಗಿನ್ನೂ ಜೋಡಿಸಿರದ ಪ್ರೋಗ್ರಾಮು ಓಡಿತು, ಗೇಟು ಎತ್ತು ಅಂತ ಹೇಳಿತು, ಮುಗೀತು. "ಪಾಸ್!" ಅಂದ. ಮೇಡಂ ಬಂದು ನೋಡಿದ್ರ ಪ್ರೋಗ್ರಾಮು ಸೈರನ್ನಿನ ಹೆಸರ ಎತ್ತಿಲ್ಲ!

"ಲೇ ಪೆದ್ದ! ಬೆರ್ಚಪ್ಪ ನಿಂತ್ರ ಆತೇನು? ಅದರ ವಹಿ ನೋಡಬೇಕು! ಕರದಾರೋ ಇಲ್ಲೋ ನೋಡಬೇಕು!"

"ಹೂಂರಿ" ಅಂದ. ಮರುದಿನ ಮೇಡಂ ತಿದ್ದಿದ ಪ್ರೋಗ್ರಾಮು ಓಡಿಸಿ ವಹಿ ನೋಡಿದ. "ಕರದಾರ್ರಿ, ಪಾಸ್!" ಅಂದ. ಮೇಡಂ ನೋಡಿದ್ರ ಮುನ್ನೂರ ನಲವತ್ತು ಸಲ ಕರದೈತಿ. ಅದೂ ಗೇಟು ಎತ್ತು ಅಂದ ಮ್ಯಾಲ!

"ಹೆಣ ತೇಲಿ ಹೋದ ಮ್ಯಾಲ ಸೈರನ್ನು ಕೂಗಿದ್ರ ಯಾರಿಗೆ ಬೇಕಲೇ? ಮೊದಲ ಸೈರನ್ನು, ಆಮ್ಯಾಲ ಗೇಟು! ಒಂದ ಸಲ! ಹೇಳಿದ ಮಾತ ಇರಬೇಕು, ಬ್ಯಾರೆ ಮಾತು ಬಂದ್ರ ಫೇಲ್!"

"ಹೂಂರಿ" ಅಂದ. ಮನಿಗೆ ಬಂದ. ಫಕ್ಕೀರವ್ವ ರೊಟ್ಟಿ ಬಡದು ಕರದ್ಲು: "ಕರಿಸಿದ್ದಾ, ಉಣ್ಣು ಬಾರೋ!" ಕಟ್ಟಿಮ್ಯಾಲ ಕುಂತಾವ ಮಿಸುಕಲಿಲ್ಲ. ಮತ್ತ ಕರದ್ಲು. ಹೊರಗ ಬಂದು ನೋಡಿದ್ಲು.

"ಯಾಕಲೇ, ಕಿವಿ ಸತ್ತಾವೇನು?"

"ಎರಡ ಸಲ ಕರದಿಯವ್ವ. ಒಂದ ಸಲ ಕರೀಬೇಕು. ಫೇಲ್."

ನೀವು ನಕ್ಕ್ರಿ. ನಗ್ರಿ, ನಗ್ರಿ. ಊರೂ ನಕ್ಕಿತ್ತು.

ನಾಕು ದಿನಕ್ಕ ಮನಿ ಕರ ಹೊಟ್ಟಿ ಉಬ್ಬಿ ಬಿತ್ತು. "ಓಡು, ದನದ ಡಾಕ್ಟರನ ಕರಿ!" ಅಂದ್ಲು ಫಕ್ಕೀರವ್ವ. ಓಡಿದ. ಅರ್ಧಾ ತಾಸಿಗೆ ತಿರಿಗಿ ಬಂದ.

"ಕರದಿ?"

"ಕರದೆ."

"ಎಷ್ಟ ಸಲ ಕರದಿ?"

"ಒಂದ ಸಲ. ಬರದಿಟ್ಟೀನಿ."

ಕಾದ್ರು. ಹೊತ್ತು ಇಳೀತು, ಕರ ಕಾಲು ಚಾಚಿತು. ಡಾಕ್ಟರ್ ಬರಲಿಲ್ಲ. "ಎಲ್ಲೆ ಕರದಿ ತೋರಸು ನಡಿ" ಅಂತ ಫಕ್ಕೀರವ್ವ ರಟ್ಟಿ ಹಿಡದು ಎಳಕೊಂಡು ಹೋದ್ಲು. ಹೊಲದ ಬದುವಿನ ಮ್ಯಾಲ ಒಂದು ಬೆರ್ಚಪ್ಪ ನಿಂತಿತ್ತು. ಮೈಮ್ಯಾಲ ಸತ್ತ ಗಂಡನ ಅಂಗಿ. ಎದಿಮ್ಯಾಲ ಸುಣ್ಣದಾಗ ಬರದಿತ್ತು: ಡಾಕ್ಟರ್.

"ಖರೇದ್ದರ ತಂಟೇಕ ಹೋಗಬ್ಯಾಡ ಅಂದಾರವ್ವ, ಮೇಡಂ."

ಗಾಳಿ ಇರಲಿಲ್ಲ. ಗಿಡದಾಗಿನ ಎಲಿ ಅಲುಗುತ್ತಿರಲಿಲ್ಲ. ಬೆರ್ಚಪ್ಪನ ಮಡಿಕಿ ತಲಿ ಮಾತ್ರ ಸಾವಕಾಶ ಮುಂದ ಬಾಗಿತು, ಹೂಂ ಅಂದಂಗ. ಫಕ್ಕೀರವ್ವ ಎರಡು ಹೆಜ್ಜಿ ಹಿಂದ ಸರದ್ಲು. ಗಂಡನ ಅಂಗಿ ಸುಲಕೊಂಡು ಎದಿಗೆ ಅವಚಿಕೊಂಡು ಅತ್ಲು. ಅತಗೋತ ಬೈದ್ಲು.

"ಕರದ್ರ ಸಾಲದಲೇ ಪಾಪಿ! ಕರಿಸಿಕೊಂಡಾವರು ಓ ಅನಬೇಕು! ನಿಮ್ಮಜ್ಜ ಹೊಳಿದಂಡಿಗುಂಟ ಹಲಗಿ ಬಾರಿಸ್ಕೋತ ಹೋಗ್ತಿದ್ದ, 'ನೀರು ಬರತಾವು' ಅಂತ. ಉಸುಕಿನ್ಯಾಗಿನ ಮಂದಿ ತಿರಿಗಿ 'ಕೇಳೀತೋ!' ಅಂತ ಕೂಗ್ತಿದ್ರು. ಆ ಕೂಗು ತನ್ನ ಕಿವಿಗೆ ಬೀಳೂತನಕ ನಿಮ್ಮಜ್ಜ ಗೇಟು ಎತ್ತಗೊಡತಿರಲಿಲ್ಲ. ಒಬ್ಬಾಕಿ ಕೂಗು ಕಡಿಮಿ ಬಂದ್ರೂ ಹುಡುಕ್ಕೊಂಡು ಇಳೀತಿದ್ದ. ತಿಳೀತೇನು?"

"ಹೂಂ ಅವ್ವ. ಕೇಳೀತೋ ಅನಬೇಕು."

ಬುದ್ಧಿ ಬಂತು ಅಂದ್ಕೊಂಡ್ರೇನು? ಕರಿಸಿದ್ದ ಮೊಬೈಲ್ ತಗದು ಅವ್ವನ ಬಾಯಿ ಮುಂದ ಹಿಡದ. "ಒಂದ ಸಲ ಕೂಗವ್ವ." ಅಕಿ ಪಾಪ, ಮಗಗ ಕಲಸಾಕ ಅಂತ ದನಿ ಎತ್ತಿ ಕೂಗಿದ್ಲು: "ಕೇಳೀತೋ!" ಆ ದನೀನ ಒಯ್ದು ಬೆರ್ಚಪ್ಪಗ ಕೊಟ್ಟ! ಇನ್ನ ಮ್ಯಾಲ ಪ್ರೋಗ್ರಾಮು ಸೈರನ್ನಿನ ಬೆರ್ಚಪ್ಪನ ಕರದ್ರ, ಬೆರ್ಚಪ್ಪ ಬರೇ ಹೂಂ ಅನ್ನಂಗಿಲ್ಲ. ಫಕ್ಕೀರವ್ವನ ದನ್ಯಾಗ "ಕೇಳೀತೋ!" ಅಂತೈತಿ. ಆಫೀಸಿನ್ಯಾಗೂ ಅಂತೈತಿ, ಅವನ ಮೊಬೈಲಿನ್ಯಾಗೂ ಅಂತೈತಿ.

ರಾತ್ರಿ ಮನ್ಯಾಗ ಒತ್ತಿ ಕೇಳಿಸಿದ. ಒಲಿ ಮುಂದ ಕುಂತ ಫಕ್ಕೀರವ್ವ ಬೆನ್ನ ಹಿಂದ ತನ್ನ ದನಿ ಕೇಳಿ ತಿರಗಿ ನೋಡಿದ್ಲು. ಅಲ್ಲೆ ಕೂಗಿದೋರು ಯಾರೂ ಇರಲಿಲ್ಲ, ಮಗನ ಕೈಯಾಗ ಮೊಬೈಲ್ ಅಷ್ಟ.

"ಅಳಿಸಲೇ ಅದನ್ನ! ಮನಷ್ಯಾ ಕಾಣಲಾರದ ಕಡಿಯಿಂದ ದನಿ ಬಂದ್ರ ಅದು ಮನಷ್ಯಾ ಅಲ್ಲ! ಅಂಥಾ ದನಿಗೆ ಓ ಅನಬಾರದು. ಮೂರು ಸಲ ಕರದ್ರೂ ಓ ಅನಬಾರದು. ಬಾಯಿ ಮುಚ್ಚಿಕೊಂಡು ಕುಂದರಬೇಕು. ತಿಳೀತೇನು?"

"ಹೂಂ ಅವ್ವ. ಓ ಅನಬಾರದು."

ಅಳಿಸಲಿಲ್ಲ. ಯಾಕಂದ್ರ ಅವತ್ತ ಮೇಡಂ ವಹಿ ನೋಡಿ ಖುಷಿಯಾಗಿದ್ರು. ಕರದದ್ದು ಒಂದ ಸಲ, ಗೇಟಿಗಿಂತ ಮೊದಲ, ಹೇಳಿದ ಮಾತ, ಎಲ್ಲಾ ಬರೋಬರಿ. "ಟೆಸ್ಟಿನ್ಯಾಗ ಪಾಸಾದದ್ದು ಹೆಂಗೈತಿ ಹಂಗ ಗೇಟಿನ ಕಂಪ್ಯೂಟರಿಗೆ ಹಾಕು. ಒಂದು ಚುಕ್ಕಿ ಬದಲ ಮಾಡಬ್ಯಾಡ" ಅಂತ ಹೇಳಿ ತಮ್ಮೂರಿಗೆ ಹೋಗಿದ್ರು.

ಹೆಂಗಿತ್ತೋ ಹಂಗ ಹಾಕಿದ. ಬೆರ್ಚಪ್ಪ ಸಮೇತ ಹಾಕಿದ! ಖರೇ ಸೈರನ್ನು ಕಂಬದ ಮ್ಯಾಲ ಸುಮ್ಕ ನಿಂತಿತ್ತು. ಅದನ್ನ ಕರಿಯೋರ ಇರಲಿಲ್ಲ.

ಮುಂಜಾನೆ ಫಕ್ಕೀರವ್ವ ಕೇಳಿದ್ಲು: "ಪರೀಕ್ಷಾ ಮುಗೀತೇನಪ್ಪಾ?"

"ಮುಗೀತವ್ವ. ಎಲ್ಲಾ ಪಾಸ್."

"ಹಂಗಾರ ಇಳೀಲಿ?"

"ಇಳಿಯವ್ವ."

ಮಗ ಒಂದು ಕೆಲಸ ಮುಗಿಸ್ಯಾನ ಅಂತ ಅಕಿಗೆ ಕಣ್ಣಾಗ ನೀರು ಬಂತು. ಅವನ ತಲಿಮ್ಯಾಲ ಕೈ ಆಡಿಸಿ ಬುಟ್ಟಿ ತಗೊಂಡು ಇಳದ್ಲು. ಅವತ್ತ ಸಂತಿ ದಿನ, ಊರ ಮಂದಿಯೆಲ್ಲಾ ಸಂತಿಗೆ ಹೋಗಿದ್ರು. ಹರದಾರಿ ಉಸುಕಿನ್ಯಾಗ ಅಕಿ ಒಬ್ಬಾಕಿ.

ಇಲ್ಲೆ ಬಿಸಲು, ಮ್ಯಾಲ ಎಲ್ಲೋ ಮಳಿ. ಇಳಿಹೊತ್ತಿಗೆ ಬ್ಯಾರೇಜು ತುಂಬಿತು. ಮೇಡಂ ತಮ್ಮೂರಿಂದ ಫೋನ್ ಮಾಡಿದ್ರು.

"ಗೇಟು ಎತ್ತಬೇಕು ಕರಿಸಿದ್ದ! ಸೈರನ್ನ ಕರೀತೇನು?"

"ಕರೀತ್ರಿ."

"ಎಷ್ಟ ಸಲ?"

"ಒಂದ ಸಲ."

"ಗೇಟಿಗಿಂತ ಮೊದಲ?"

"ಮೊದಲ್ರಿ."

"ಮಂದಿಗೆ ಕೇಳೀತಂತೇನು?"

"ನಮ್ಮವ್ವನ ದನೀನ ಕೇಳ್ರಿ ಬೇಕಾದ್ರ" ಅಂತ ಫೋನನ್ನ ಕಂಪ್ಯೂಟರಿನ ಬಾಜೂಕ ಹಿಡದ. "ಕೇಳೀತೋ!" ಅಂತು ಬೆರ್ಚಪ್ಪ. "ಸದ್ಯ" ಅಂತ ಮೇಡಂ ಉಸಿರು ಬಿಟ್ರು. ಗೇಟು ಎದ್ದಿತು.

ಯಾಕ, ಹೂಂ ನಿಂತತಲ್ಲ? ಇರ್ಲಿ.

ಹೊತ್ತು ಮುಳುಗಿದ ಮ್ಯಾಲ ಕರಿಸಿದ್ದ ಮನಿಗೆ ಬಂದ. ಒಲಿ ಹಚ್ಚಿರಲಿಲ್ಲ. ಹೊಳಿದಂಡಿಗೆ ಬಂದ. ಉಸುಕಿರಲಿಲ್ಲ, ಎಲ್ಲಾ ನೀರು. ನಟ್ಟ ನಡುವ ಒಂದು ಜಾಲಿಗಿಡದ ತುದಿ ಅಷ್ಟ ಕಾಣ್ತಿತ್ತು. ದಂಡಿಮ್ಯಾಲ ಮುಳುಗೋರಿಗೆ ಒಗಿಯಾಕ ಅಂತ ಹಗ್ಗ ಸುತ್ತಿ ಇಟ್ಟಿತ್ತು. ಅದರ ಮ್ಯಾಲ ಕುಂತು ಮೊಬೈಲ್ ತಗದ, ವಹಿ ತಗದ. ಒಂದ ಸಲ ಕರದ:

"ಅವ್ವಾ!"

ಮೊಬೈಲ್ ಒತ್ತಿದ. "ಕೇಳೀತೋ!" ಅಂತು.

ಜಾಲಿಗಿಡದ ಕಡಿಯಿಂದಾನೂ ದನಿ ಬಂತು: "ಕೇಳೀತೋ! ಹಗ್ಗ ಒಗಿಯೋ!"

ಕರಿಸಿದ್ದ ಬೆರಳು ಮಡಚಿ ಎಣಿಸಿದ. ಕರದದ್ದು ಒಂದು, ದನಿ ಎರಡು. ಒಂದು ಹೆಚ್ಚಾತು. ಮೊಬೈಲಿಂದು ವಹಿದಾಗಿನ ಮಾತ ಅಂದೈತಿ. ನೀರಾಗಿಂದು ಹಗ್ಗ ಅಂತೈತಿ, ವಹಿದಾಗ ಹಗ್ಗದ ಮಾತಿಲ್ಲ. ಗಿಡದ ಕಡೆ ಕಣ್ಣು ಕಿಸಿದು ನೋಡಿದ. ಕತ್ತಲಾಗಿತ್ತು, ಮನಷ್ಯಾ ಕಾಣಲಿಲ್ಲ.

"ಕರಿಸಿದ್ದಾ!"

ಅವ್ವನ ಮಾತು ನೆನಪಾತು. ಎರಡೂ ಕೈಲೆ ಬಾಯಿ ಮುಚ್ಚಿಕೊಂಡ.

"ಕರಿಸಿದ್ದಾ, ಓ ಅನ್ನೋ ಮಗನ!"

ಅದು ಅವ್ವನ ಹಂಗ ಕರೀತಿತ್ತು. ಓ ಅನ್ನಾಕ ಜೀವ ಬಾಯಿಗೆ ಬಂದಿತ್ತು. ಅನಲಿಲ್ಲ.

"ಕರಿಸಿದ್ದಾ..."

ಮೂರಾತು. ಆಮ್ಯಾಲ ನೀರಿನ ಸಪ್ಪಳ ಅಷ್ಟ.

ಕರಿಸಿದ್ದ ಬಾಯಿಂದ ಕೈ ತಗದ. ವಹಿದಾಗ ಬರದ: ಕರದದ್ದು ಒಂದು, ಓ ಅಂದದ್ದು ಒಂದು, ಪಾಸ್. "ಮೂರು ಸಲ ಕರದ್ರೂ ಓ ಅನಲಿಲ್ಲ ನೋಡವ್ವ. ಇವತ್ತರ ನೀ ಬೈಯಂಗಿಲ್ಲ" ಅಂತ, ಹಗ್ಗದ ಮ್ಯಾಲ ಕುಂತು ಅವ್ವನ ದಾರಿ ಕಾಯಾಕ ಹತ್ತಿದ.

ಅವನ ದಾರಿ ಅಲ್ಲೆ, ನಮ್ಮ ದಾರಿ ಇಲ್ಲೆ. ಈ ಕತಿಗೆ ಹೂಂ ಅನಬ್ಯಾಡ್ರಿ. ಒಬ್ಬೊಬ್ಬರ ಎದ್ದು ಬಂದು, ನನ್ನ ಕೈ ಮುಟ್ಟಿ ಮನಿಗೆ ಹೋಗ್ರಿ.