ಹೇಳದೆ ಹೋದ ನೆಲ್ಲವ್ವ

ಲೋಕಕ್ಕೆ ಇನ್ನೂ ಹೊಸ ಮಡಕೆಯ ವಾಸನೆ ಇದ್ದ ಕಾಲ ಅದು. ಆಗ ಮರಗಳು ನಡೆಯುತ್ತಿದ್ದವು.

ನಗಬೇಡ ಮರೀ, ನಿಜವಾಗಿ ನಡೆಯುತ್ತಿದ್ದವು. ಬೇರುಗಳನ್ನು ಸೀರೆಯ ನೆರಿಗೆಯ ಹಾಗೆ ಎತ್ತಿ ಹಿಡಿದು ಬೇಕಾದ ಕಡೆ ಹೋಗುತ್ತಿದ್ದವು. ಚಳಿಯಾದರೆ ಬಯಲಿಗೆ, ಬಾಯಾರಿದರೆ ಕೆರೆಗೆ. ಹಲಸಿನ ಮರ ಮಾತ್ರ ಹತ್ತು ಹೆಜ್ಜೆಗೊಮ್ಮೆ ಕೂತು ಉಸ್ಸಪ್ಪಾ ಅನ್ನುತ್ತಿತ್ತು. ಮೈತುಂಬ ಹಣ್ಣು ಹೊತ್ತುಕೊಂಡು ಓಡಾಡುವುದೇನು ಸುಲಭವೇ?

ಅವುಗಳಿಗೆ ಒಂದೇ ಒಂದು ಕಟ್ಟುಪಾಡಿತ್ತು. ಹೊರಡುವ ಮೊದಲು ನೆಲಕ್ಕೆ ಕೇಳುವ ಹಾಗೆ "ಹೋಗಿ ಬರ್ತೀನಿ" ಅನ್ನಬೇಕು. ಹಾಗೆ ಅಂದವರನ್ನು ನೆಲ ಎಲ್ಲಿಂದಲಾದರೂ ವಾಪಸು ಬಿಟ್ಟುಕೊಡುತ್ತಿತ್ತು. ಅನ್ನದೆ ಹೋದವರು ಎಲ್ಲಿ ಬೇರೂರಿದರೋ ಅಲ್ಲೇ ಉಳಿಯಬೇಕು. ಅಲ್ಲಿಯವರೆಗೆ ಯಾರೂ ಅನ್ನದೆ ಹೋಗಿರಲಿಲ್ಲ, ಹಾಗಾಗಿ ಯಾರಿಗೂ ಅದರ ಭಯವೂ ಇರಲಿಲ್ಲ.

ಕೆರೆಯ ದಂಡೆಯಲ್ಲಿ ಒಂದು ನೆಲ್ಲಿಮರ ಇತ್ತು. ಎಲ್ಲರೂ ಅವಳನ್ನು ನೆಲ್ಲವ್ವ ಎಂದು ಕರೆಯುತ್ತಿದ್ದರು. ಆಗ ನೆಲ್ಲಿಕಾಯಿ ಹುಳಿಯೂ ಅಲ್ಲ, ಒಗರೂ ಅಲ್ಲ. ಬೆಲ್ಲದಚ್ಚಿನ ಹಾಗೆ ಬರೀ ಸಿಹಿ.

ನೆಲ್ಲವ್ವನಿಗೆ ಒಬ್ಬಳೇ ಮಗಳು, ಇನ್ನೂ ನಡೆಯಲು ಬಾರದ ಗೇಣುದ್ದದ ಸಸಿ, ಹೆಸರು ಚಿಟ್ಟಿ. ಚಿಟ್ಟಿ ಅವ್ವನಿಗೆ ಬಲು ಅಂಟು. ಅವ್ವ ಒಂದು ಹೆಜ್ಜೆ ಎತ್ತಿದರೆ ಸಾಕು, ಬೇರಿಗೆ ಜೋತುಬಿದ್ದು ಊರು ಒಂದಾಗುವ ಹಾಗೆ ಅಳುತ್ತಿದ್ದಳು. ಮಗಳು ಹುಟ್ಟಿದ ಮೇಲೆ ನೆಲ್ಲವ್ವ ಕೆರೆಯ ಆಚೆ ದಂಡೆಯನ್ನೂ ಕಂಡಿರಲಿಲ್ಲ.

ಒಂದು ದಿನ ದೂರದ ಬೋಳುಗುಡ್ಡ ಕೂಗಿ ಹೇಳಿತು. "ಏನ್ರಪ್ಪಾ, ದಿನಾ ಆ ಕೆರೆ ಸುತ್ತಾನೇ ಸುತ್ತುತೀರಲ್ಲ! ನನ್ನ ನೆತ್ತಿ ಮೇಲೆ ಒಂದ್ಸಲ ಬನ್ನಿ. ಇಡೀ ಲೋಕ ಕಾಣುತ್ತೆ. ಬೆಳಿಗ್ಗೆ ಬಂದು ಸಂಜೆಗೆ ಹೋಗೋರಂತೆ."

ಮರಗಳಿಗೆ ಹಿಗ್ಗೋ ಹಿಗ್ಗು. ಮಾರನೆಯ ದಿನವೇ ಹೊರಡುವುದೆಂದು ಎಲ್ಲರೂ ಸಜ್ಜಾದರು. ಬಿದಿರು ಮುಂದೆ, ಹಲಸು ಹಿಂದೆ. "ನೀನೂ ಬಾರೇ ನೆಲ್ಲವ್ವ, ಒಂದು ದಿನಕ್ಕೆ ಏನೂ ಆಗಲ್ಲ" ಎಂದ ಹುಣಸಜ್ಜ. ಅವನು ಊರಿಗೆಲ್ಲ ಹಿರಿಯ ಹುಣಸೆಮರ.

ನೆಲ್ಲವ್ವನಿಗೂ ಆಸೆಯಾಯಿತು. ಯಾರಿಗಾಗುವುದಿಲ್ಲ ಹೇಳು?

ಮಾರನೆಯ ದಿನ ಮೂಡಣ ಕೆಂಪಾಗುವ ಹೊತ್ತಿಗೆ ಎಲ್ಲರೂ ಒಬ್ಬೊಬ್ಬರಾಗಿ "ಹೋಗಿ ಬರ್ತೀನಿ, ಹೋಗಿ ಬರ್ತೀನಿ" ಎಂದರು. ನೆಲ್ಲವ್ವ ಕೆಳಗೆ ನೋಡಿದಳು. ಚಿಟ್ಟಿ ಎಲೆ ಮಡಿಚಿಕೊಂಡು ಗಾಢ ನಿದ್ದೆಯಲ್ಲಿದ್ದಳು. ಬಾಯಿ ಬಿಟ್ಟರೆ ಎಚ್ಚರವಾಗುತ್ತದೆ, ಎಚ್ಚರವಾದರೆ ಮುಗಿಯಿತು ಕಥೆ. ನೆಲ್ಲವ್ವ ಮನಸ್ಸಿನಲ್ಲೇ "ಹೋಗಿ ಬರ್ತೀನಿ ಕಂದಾ" ಅಂದುಕೊಂಡಳು. ಬೇರುಗಳನ್ನು ಸದ್ದಿಲ್ಲದೆ ಎತ್ತಿ, ತುದಿಗಾಲಲ್ಲಿ ಜಾರಿಕೊಂಡಳು.

ದಾರಿಯುದ್ದಕ್ಕೂ ಏನು ನಗು, ಏನು ಮಾತು! ಹತ್ತುವಾಗ ಬಿದಿರು ಜಾರಿ ಬಿದ್ದು ಮೂರು ಉರುಳು ಉರುಳಿತು. ಹಲಸಮ್ಮನನ್ನು ಹಿಂದಿನಿಂದ ನಾಲ್ಕು ಜನ ನೂಕಿದರು. ನೆಲ್ಲವ್ವ ಎಲ್ಲರಿಗೂ ಸಿಹಿಕಾಯಿ ಉದುರಿಸಿದಳು. ಇಷ್ಟು ನಕ್ಕು ಎಷ್ಟು ಕಾಲವಾಗಿತ್ತೋ ಅವಳಿಗೇ ನೆನಪಿರಲಿಲ್ಲ. ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಎಲ್ಲರೂ ಗುಡ್ಡದ ತುದಿ ಮುಟ್ಟಿ, ದಣಿವಾರಿಸಿಕೊಳ್ಳಲು ಅಲ್ಲೇ ಬೇರೂರಿ ಕೂತರು.

ಆಮೇಲೆ ಬಗ್ಗಿ ನೋಡಿದರು.

ಅಬ್ಬಾ! ಅಗೋ ನದಿ, ಅಗೋ ಏಳು ಸಾಲು ಬೆಟ್ಟ. ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡುತ್ತಿರುವಾಗ ಬಿದಿರು ಕೇಳಿತು. "ನಮ್ಮೂರೆಲ್ಲಿ?"

"ಅದೇ ಅಲ್ವಾ, ಆ ಬೋಳು ಜಾಗ?"

"ಥೂ, ಅದು ಹೇಗೆ ನಮ್ಮೂರಾಗುತ್ತೆ? ನಮ್ಮೂರಲ್ಲಿ ಮರ ಇದೆ."

ಹುಣಸಜ್ಜ ಇನ್ನಷ್ಟು ಬಗ್ಗಿ ದಿಟ್ಟಿಸಿದ. "ಅಯ್ಯೋ ಹುಚ್ಚಪ್ಪಾ," ಎಂದ, "ಮರ ಅಂದ್ರೆ ನಾವೇ ಕಣೋ. ನಾವು ಇಲ್ಲಿದ್ದೀವಿ."

ತಮ್ಮ ಊರು ತಾವಿಲ್ಲದೆ ಹೇಗಿರುತ್ತದೆ ಎಂದು ಅವರು ಎಂದೂ ನೋಡಿರಲಿಲ್ಲ. ಬೋಳಾಗಿ, ಕೆಂಪಗೆ, ಸುಲಿದ ಗಾಯದ ಹಾಗೆ ಬಿದ್ದಿತ್ತು ಊರು. ಕೆರೆಯ ನೀರು ಕುದಿಯುವಂತೆ ಮಿರುಗುತ್ತಿತ್ತು. ಹಕ್ಕಿಗಳು ಕೂರಲು ಜಾಗವಿಲ್ಲದೆ ಸುಮ್ಮನೆ ಸುತ್ತುತ್ತಿದ್ದವು. ದನಗಳು ಒಂದರ ನೆರಳಲ್ಲಿ ಇನ್ನೊಂದು ತಲೆ ಇಟ್ಟುಕೊಂಡು ನಿಂತಿದ್ದವು.

ಆ ಬಟಾಬಯಲಿನ ನಡುವೆ ಒಂದು ಹಸಿರು ಚುಕ್ಕೆ. ನೆಲ್ಲವ್ವ ಗುರುತು ಹಿಡಿದಳು. ಅದು ಚಿಟ್ಟಿ! ಕತ್ತು ಜೋತುಬಿದ್ದಿತ್ತು. ಎಲೆಗಳು ಸುರುಟಿಕೊಂಡಿದ್ದವು.

"ಓಡ್ರೋ!" ಎಂದು ಹುಣಸಜ್ಜ ಕೂಗಿದ್ದೇ ತಡ, ಎಲ್ಲರೂ ಬೇರು ಕಿತ್ತು ಎದ್ದುಬಿದ್ದು ಇಳಿಯತೊಡಗಿದರು. ನೆಲ್ಲವ್ವನೂ ಕಾಲೆತ್ತಿದಳು.

ಕಾಲು ಬರಲಿಲ್ಲ.

ಮತ್ತೆ ಎಳೆದಳು. ಬರಲಿಲ್ಲ. ಮೈಯೆಲ್ಲ ಬಲ ಹಾಕಿ ಜಗ್ಗಿದಳು. ಒಂದು ಎಳೆ ಬೇರೂ ಕದಲಲಿಲ್ಲ. ನೆಲ್ಲವ್ವ ಹೌಹಾರಿದಳು. "ನೆಲತಾಯೀ, ಬಿಡು! ಬಿಡು ನನ್ನ!"

"ನೀನು ಬರ್ತೀನಿ ಅನ್ನಲಿಲ್ಲವಲ್ಲೇ ಮಗಳೇ" ಎಂದಿತು ನೆಲ.

"ಅಂದೆ! ಮನಸ್ಸಲ್ಲಿ ಅಂದೆ! ಮಗು ಮಲಗಿತ್ತು, ಏಳುತ್ತೆ ಅಂತ..."

ನೆಲಕ್ಕೂ ಸಂಕಟವೇ. "ನನಗೆ ಇರೋದು ಕಿವಿ ಮಾತ್ರ ಕಣವ್ವ," ಎಂದಿತು. "ಆಡಿದ ಮಾತನ್ನ ಯುಗ ಕಳೆದರೂ ಕಾಪಾಡ್ತೀನಿ. ಆಡದ ಮಾತನ್ನ ಎಲ್ಲಿಂದ ಹುಡುಕಿ ತರಲಿ?"

ನೆಲ್ಲವ್ವನಿಗೆ ಅಳುವೂ ಬರಲಿಲ್ಲ. ಗರ ಬಡಿದವಳ ಹಾಗೆ ನಿಂತುಬಿಟ್ಟಳು. ಆ ಆಘಾತ ಬೇರಿನಿಂದ ಕಾಂಡಕ್ಕೆ ಹತ್ತಿತು, ಕಾಂಡದಿಂದ ಕೊಂಬೆಗೆ, ಕೊಂಬೆಯಿಂದ ಕಾಯಿಗೆ. ಬೆಲ್ಲದಂತಿದ್ದ ಕಾಯಿಗಳು ಒಂದೇ ಗಳಿಗೆಯಲ್ಲಿ ಹುಳಿಯಾದವು, ಒಗರಾದವು.

"ಹುಣಸಜ್ಜಾ! ನನ್ನ ಮಗು!" ಎಂದು ಕಿರುಚಿದಳು.

ಹುಣಸಜ್ಜ ತಿರುಗಿ ನೋಡಿದ. ಅವನಿಗೆ ಎಲ್ಲವೂ ತಿಳಿಯಿತು. "ನಾನಿದ್ದೀನಿ ಕಣವ್ವ!" ಎಂದವನೇ ವಯಸ್ಸನ್ನೂ ಮರೆತು ಬಂಡೆಯಿಂದ ಬಂಡೆಗೆ ಹಾರಿ ಓಡಿದ. ಊರು ಮುಟ್ಟಿ, ಚಿಟ್ಟಿಯ ಪಕ್ಕದಲ್ಲೇ ಧೊಪ್ಪನೆ ಬೇರೂರಿ, ಇದ್ದಬದ್ದ ಕೊಂಬೆಯನ್ನೆಲ್ಲ ಅವಳ ಮೇಲೆ ಹರಡಿದ. ಕೆರೆ ಒಂದು ಅಲೆ ಎರಚಿತು. ಸ್ವಲ್ಪ ಹೊತ್ತಿಗೆ ಚಿಟ್ಟಿಯ ಒಂದು ಎಲೆ ಬಿಚ್ಚಿಕೊಂಡಿತು, ಆಮೇಲೆ ಇನ್ನೊಂದು.

ಕಣ್ಣು ಬಿಟ್ಟವಳು ಮೊದಲು ಕೇಳಿದ್ದು, "ಅವ್ವ ಎಲ್ಲಿ?"

ಬಂದವರೆಲ್ಲ ಗುಡ್ಡದ ಕಡೆ ತಿರುಗಿದರು. "ನನ್ನನ್ನ ಬಿಟ್ಟು ಹೋದಳಾ?" ಎಂದಳು ಚಿಟ್ಟಿ. ಬೇರೆ ದಿನವಾಗಿದ್ದರೆ ಊರು ಒಂದಾಗುವ ಹಾಗೆ ಅಳುತ್ತಿದ್ದಳು. ಅಂದು ಬಿಚ್ಚಿದ ಎಲೆಗಳನ್ನು ಮತ್ತೆ ಮಡಿಚಿಕೊಂಡಳು.

ಗುಡ್ಡದ ಮೇಲಿಂದ ನೆಲ್ಲವ್ವ ಅದನ್ನು ಕಂಡಳು. ಗುಡ್ಡದಂಥ ಗಂಟಲು ಅವಳಿಗಿಲ್ಲ, ಕೂಗಿದರೆ ಅಷ್ಟು ದೂರ ಕೇಳದು. ಅಂಚಿಗೆ ಬಾಗಿ, ಇನ್ನೂ ಬಾಗಿ, ಒಂದು ಕಾಯಿಯ ಕಿವಿಯಲ್ಲಿ "ಹೋಗಿ ಬರ್ತೀನಿ ಕಂದಾ" ಎಂದು ಬಾಯಿಬಿಟ್ಟು ಹೇಳಿದಳು. ಬೆಳಿಗ್ಗೆ ಹೇಳಬೇಕಿದ್ದ ಮಾತು ಅದು. ಹೇಳಿ ಕಾಯಿಯನ್ನು ಉದುರಿಸಿದಳು.

ಕಾಯಿ ಗುಡುಗುಡು ಉರುಳಿತು. ಬಂಡೆಗೆ ಬಡಿಯಿತು, ಹುಲ್ಲಿನಲ್ಲಿ ಜಾರಿತು, ಇಳಿಜಾರಿಗೆ ಬಂದು ನೆಗೆಯಿತು. ಸಂಜೆಗೆ ಕೆರೆಯೊಳಗೆ ಬುಳುಕ್ ಎಂದು ಬಿತ್ತು.

ಚಿಟ್ಟಿ ಆ ನೀರು ಕುಡಿದಳು. ಮೊದಲ ಗುಟುಕಿಗೇ ಮೈ ಜುಮ್ಮೆಂದು ಮುದುಡಿತು. ಎಂಥ ಹುಳಿ! ಎಂಥ ಒಗರು! ಅವ್ವ ಎಷ್ಟು ಬೆಚ್ಚಿಬಿದ್ದಿದ್ದಾಳೆ ಎಂದು ಅವಳಿಗೆ ಆಗ ಗೊತ್ತಾಯಿತು. ಕಾಯಿ ಹೊತ್ತು ತಂದ "ಹೋಗಿ ಬರ್ತೀನಿ ಕಂದಾ" ಅನ್ನುವ ಮಾತೂ ಕೇಳಿಸಿತು, ಬಿಟ್ಟು ಹೋದದ್ದಲ್ಲ ಎಂದೂ ಗೊತ್ತಾಯಿತು.

"ಕೆರೆಯಮ್ಮಾ," ಎಂದಳು, "ನೀನು ಬೆಳಗಿನ ಹೊತ್ತು ಮಂಜಾಗಿ ಮೇಲಕ್ಕೆ ಹೋಗ್ತೀಯಲ್ಲ. ನನ್ನ ಅವ್ವನಿಗೆ ಒಂದು ಮಾತು ಹೇಳ್ತೀಯಾ?"

ಮರುದಿನ ಬೆಳಿಗ್ಗೆ ಮಂಜು ಗುಡ್ಡ ಹತ್ತಿ ನೆಲ್ಲವ್ವನ ಎಲೆ ಎಲೆಯ ಮೇಲೂ ಹನಿಯಾಗಿ ಕೂತಿತು. ಪ್ರತಿ ಹನಿಯೂ ಚಿಟ್ಟಿಯ ದನಿಯಲ್ಲಿ ಹೇಳಿತು, "ಹೋಗಿ ಬಾ ಅವ್ವಾ."

ನೆಲ್ಲವ್ವ ಆಗ ಅತ್ತಳು. ನೆಲ ಅವಳ ಬೇರನ್ನು ಬಿಡಲಿಲ್ಲ, ಬಿಡುವ ಹಾಗೂ ಇರಲಿಲ್ಲ. ಆದರೆ ಆ ಹನಿ ಮುಟ್ಟಿದ ಕಾಯಿಗಳಲ್ಲಿ ಒಗರಿನ ಹಿಂದೆಯೇ ಹಳೆಯ ಸಿಹಿ ಮೆಲ್ಲಗೆ ಬಂದು ಕೂತಿತು.

ಉಳಿದ ಮರಗಳು ಅಂದಿನಿಂದ ಎಲ್ಲಿಗೂ ಹೋಗಲಿಲ್ಲ. ತಾವಿಲ್ಲದ ಊರನ್ನು ಒಮ್ಮೆ ಕಂಡದ್ದೇ ಸಾಕಾಗಿತ್ತು. ನೆಲ್ಲವ್ವ ಒಂಟಿಯಾಗಬಾರದೆಂದು ಹಕ್ಕಿಯ ಬಾಯಲ್ಲಿ, ಗಾಳಿಯ ಕೈಯಲ್ಲಿ ತಮ್ಮ ಬೀಜಗಳನ್ನು ಕಳಿಸಿದವು. ಬೋಳುಗುಡ್ಡ ಕಾಡುಗುಡ್ಡವಾದದ್ದು ಹಾಗೆ.

ಅದಕ್ಕೇ ಮರೀ, ನಾಳೆ ನೀನು ಗುಡ್ಡ ಹತ್ತಿದಾಗ ತುತ್ತತುದಿಯಲ್ಲಿ ಕಣಿವೆಯ ಕಡೆಗೆ ಬಾಗಿ ನಿಂತ ನೆಲ್ಲಿಮರ ಕಾಣುತ್ತದೆ. ಅದರ ಕಾಯಿ ಕಚ್ಚಿದರೆ ನಿನ್ನ ಮುಖ ಕಿವುಚಿಕೊಳ್ಳುತ್ತದೆ, ಕಣ್ಣು ತಾನಾಗಿ ಮುಚ್ಚುತ್ತದೆ. ಅದು ಕಾಲು ಬರದೇ ಹೋದ ಆ ಗಳಿಗೆ. ಉಗುಳಬೇಡ, ಮೇಲೆ ಒಂದು ಗುಟುಕು ನೀರು ಕುಡಿ. ನೀರು ಎಷ್ಟು ಸಿಹಿಯಾಗುತ್ತದೆ ನೋಡು. ಅದು ಚಿಟ್ಟಿ ಇವತ್ತಿಗೂ ಕಳಿಸುವ ಮಾತು. ಇನ್ನೊಂದು ವಿಷಯ. ಬೆಳಿಗ್ಗೆ ಹೊರಡುವಾಗ ನಾನು ಮಲಗಿದ್ದರೂ ಪರವಾಗಿಲ್ಲ, ಎಬ್ಬಿಸಿ "ಹೋಗಿ ಬರ್ತೀನಿ ಅಜ್ಜಿ" ಅಂತ ಬಾಯಿಬಿಟ್ಟು ಹೇಳಿಯೇ ಹೋಗು.