ಕೊಸರಿಲ್ಲದ ಅಳತೆ

ಹೋದ ಬೇಸಿಗೆಯಲ್ಲಿ ಅಳಿಲಿನ ಮರಿಯೊಂದು ತನ್ನೊಳಗೆ ಬಿದ್ದು ಸತ್ತಾಗಿನಿಂದ ಈಜುಕೊಳಕ್ಕೆ ನೆಮ್ಮದಿಯಿರಲಿಲ್ಲ. ಮೈಮೇಲೊಂದು ಹೊದಿಕೆ ಬೇಕೆಂದು, ಅಳತೆ ತೆಗೆಯಲು ಅದು ಉಕ್ಕಿನ ಟೇಪನ್ನು ಕರೆಯಿತು.

ಟೇಪು ನೀರಿನ ಈ ಕೊನೆಯಿಂದ ಆ ಕೊನೆಗೆ ಚಾಚಿಕೊಂಡು, "ಉದ್ದ ಮೂವತ್ತಡಿ, ಅಗಲ ಹದಿನೈದು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ" ಎಂದಿತು.

"ಅಯ್ಯಾ, ಸುತ್ತಲೂ ಒಂದೊಂದು ಅಡಿ ಹೆಚ್ಚಿಗೆ ಹೇಳು" ಎಂದಿತು ಕೊಳ. "ಹೂ ಮಾರುವವಳು ಕೂಡ ಮೊಳ ಹಾಕಿದ ಮೇಲೆ ನಾಲ್ಕು ಬೆರಳು ಕೊಸರು ಕೊಡುತ್ತಾಳೆ."

"ಕೊಸರು ಕೇಳುವುದು ಸಂತೆಯಲ್ಲಿ. ಇದ್ದದ್ದನ್ನು ಇದ್ದ ಹಾಗೆ ಹೇಳುವುದು ನನ್ನ ಧರ್ಮ."

ಟೇಪು ಹೇಳಿದ ಅಳತೆಗೇ ದಪ್ಪನೆಯ ಹೊದಿಕೆಯೊಂದು ಹೊಲಿದು ಬಂತು. ಹಾಸಿದರೆ ನೀರಿಗೆ ಸರಿಸಮ. ಒಂದಿಂಚು ಹೆಚ್ಚಿಲ್ಲ, ಒಂದಿಂಚು ಕಡಿಮೆಯಿಲ್ಲ. ಟೇಪು ಹಿಗ್ಗಿ, ಇನ್ನೊಮ್ಮೆ ಅಳೆದು ತೋರಿಸಲು ಅದರ ಮೇಲೆಯೇ ತೆವಳಿಕೊಂಡು ಹೋಯಿತು.

"ಅಣ್ಣಾ, ಮೇಲೆ ಹತ್ತಬೇಡ!" ಎಂದು ಹೊದಿಕೆ ಕೂಗಿಕೊಂಡಿತು. "ದಡದ ಕಲ್ಲು ಹಿಡಿದುಕೊಳ್ಳಲು ನನಗೆ ಅಂಚೇ ಇಲ್ಲ!"

ಮಾತು ಮುಗಿಯುವಷ್ಟರಲ್ಲಿ ಎರಡೂ ತಳ ಸೇರಿದವು.

ಕೊಳ ನಗಲಿಲ್ಲ. "ಆ ಮರಿಯೂ ಅಲ್ಲಿಗೇ ಬಂದಿತ್ತು" ಎಂದಿತು. "ಅಲ್ಲಿಂದ ದಡ ಸೇರಲು ಎಷ್ಟು ಬೇಕು? ಈಗ ಅಳೆದು ಹೇಳು."

ಟೇಪು ತಲೆಯೆತ್ತಿ ಮೇಲೆ ನೋಡಿತು. "ಆರಡಿ" ಎಂದಿತು. ಆಮೇಲೆ "ಹಿಡಿದುಕೊಳ್ಳಲು ಇನ್ನೊಂದಡಿ" ಎಂದು ಸೇರಿಸಿತು.